ಹಲ್ಲಿಗೆ ಕಟ್ಟಿದ ತಂತಿ, ಬಾಯಿಗೆ ಬಿದ್ದ ಬೀಗ

ಪುಟ್ಟಮಾದಪ್ಪನ ಬದುಕಿಗೆ ಕಲ್ಲು ಹಾಕಿದ್ದು ಒಂದು ಕಮರಕಟ್ಟು.

ಬೆಲ್ಲದ ಪಾಕಕ್ಕೆ ಕಾಯಿತುರಿ ಹಾಕಿ ಉಂಡೆ ಕಟ್ಟಿದ ಈ ಮಿಠಾಯಿ ಮಾರ್ಟಳ್ಳಿ ಕಡೆಯಿಂದ ಹನೂರಿನ ಸಂತೆಗೆ ಬರುತ್ತಿತ್ತು. ಮಕ್ಕಳು ಬೆಳಿಗ್ಗೆ ಒಂದನ್ನು ಬಾಯಿಗೆ ಹಾಕಿಕೊಂಡು ಸ್ಕೂಲಿಗೆ ಹೋದರೆ ಸಂಜೆ ಅದನ್ನೇ ಕೆನ್ನೆಯಲ್ಲಿಟ್ಟುಕೊಂಡು ವಾಪಸು ಬರುತ್ತಿದ್ದರು. ಇಳಿಜಾರಿನಲ್ಲಿ ನಿಂತ ಬಸ್ಸಿನ ಚಕ್ರಕ್ಕೆ ಅಡ್ಡ ಇಡಲು ಕಲ್ಲು ಸಿಗದಿದ್ದರೆ ಎರಡು ಕಮರಕಟ್ಟು ಸಾಕು ಎಂದು ಡ್ರೈವರ್ ಶಿವನಂಜಯ್ಯ ಹೇಳುತ್ತಿದ್ದ. ಅಂಥದ್ದನ್ನು ಪುಟ್ಟಮಾದಪ್ಪ ಆ ದಿನ ಬೆಳಿಗ್ಗೆ ಖುಷಿಯ ಭರದಲ್ಲಿ ಕಟುಮ್ಮನೆ ಕಡಿದುಬಿಟ್ಟ. ಕಮರಕಟ್ಟಿಗೆ ಏನೂ ಆಗಲಿಲ್ಲ. ಅವನ ಬಾಯೊಳಗೆ ಏನೋ ‘ಟಿಣ್’ ಎಂದಿತು.

ಟಿಣ್ ಎಂದದ್ದು ಹಲ್ಲಲ್ಲ, ಹಲ್ಲಿಗೆ ಕಟ್ಟಿದ್ದ ತಂತಿ. ಆ ತಂತಿಯ ಕತೆಯನ್ನು ಮೊದಲು ಹೇಳಿಬಿಡಬೇಕು.

ಆಗ ಯುದ್ಧದ ಕಾಲ. ಪೆಟ್ರೋಲು ಕಣ್ಣಿಗೆ ಬೀಳುತ್ತಿರಲಿಲ್ಲ. ಹನೂರಿಗೂ ಕೊಳ್ಳೇಗಾಲಕ್ಕೂ ಓಡಾಡುತ್ತಿದ್ದ ಸಾವುಕಾರ್ ಸದಾಶಿವಪ್ಪನವರ ಬಸ್ಸಿನ ಬೆನ್ನಿಗೆ ಒಂದು ಕಬ್ಬಿಣದ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಹೊಗೆಯಲ್ಲೇ ಓಡಿಸುತ್ತಿದ್ದರು. ಆ ಒಲೆಗೆ ಇದ್ದಿಲು ತುಂಬಿ, ಗಾಳಿ ಊದುವ ಪಂಕದ ಹಿಡಿ ತಿರುಗಿಸಿ, ಏರು ಬಂದ ಕಡೆ ಇಳಿದು ತಳ್ಳುವ ಕ್ಲೀನರ್ ಕೆಲಸ ಪುಟ್ಟಮಾದಪ್ಪನದು. ಸಂಜೆ ಮನೆಗೆ ಬಂದಾಗ ಅವನಲ್ಲಿ ಬೆಳ್ಳಗೆ ಉಳಿದಿರುತ್ತಿದ್ದುದು ಕಣ್ಣು ಮತ್ತು ಹಲ್ಲು. ಹಲ್ಲಂತೂ ಅವನಿಗಿಂತ ಮೊದಲೇ ಬರುತ್ತಿತ್ತು. ಅವನು ಬಾಗಿಲಲ್ಲಿ ನಿಂತರೆ ಹಲ್ಲು ನಡುಮನೆಯಲ್ಲಿರುತ್ತದೆ ಎಂದು ಕೇರಿಯವರು ನಗುತ್ತಿದ್ದರು. ಮಳೆ ಬಂದರೆ ಅವನ ಗದ್ದ ನೆನೆಯುತ್ತಿರಲಿಲ್ಲ.

ಹಳೆಯ ಕಂಡಕ್ಟರು ಸೈನ್ಯದ ಪಟಾಳಕ್ಕೆ ಸೇರಿ ಹೋದಾಗ ಪುಟ್ಟಮಾದಪ್ಪನಿಗೆ ಆಸೆ ಹುಟ್ಟಿತು. ಖಾಕಿ ಕೋಟು, ಹೆಗಲಿಗೆ ಚರ್ಮದ ಚೀಲ, ಬಸ್ಸಿನ ಒಳಗೆ ನಿಲ್ಲುವ ಯೋಗ! ಆದರೆ ಸಾವುಕಾರರದು ಒಂದು ಷರತ್ತಿತ್ತು. ಎಂಜಿನ್ ಪಕ್ಕ ಕೂತೂ ಕೂತೂ ಡ್ರೈವರ್ ಶಿವನಂಜಯ್ಯನ ಕಿವಿ ಮಂದವಾಗಿತ್ತು. ‘ರೈಟ್’ ಎಂದು ಎಷ್ಟು ಕೂಗಿದರೂ ಕೇಳುತ್ತಿರಲಿಲ್ಲ. ಒಂದು ಸಲ ಕಾಮಗೆರೆಯಲ್ಲಿ ನೀರು ಕುಡಿಯಲು ಇಳಿದ ಜನರನ್ನೆಲ್ಲ ಅಲ್ಲೇ ಬಿಟ್ಟು, ಖಾಲಿ ಬಸ್ಸನ್ನು ಕೊಳ್ಳೇಗಾಲದ ತನಕ ಓಡಿಸಿ, “ಇವತ್ತು ಗಾಡಿ ಹೂವಿನಂಗೆ ಬಂತು ಕಣ್ರಿ” ಎಂದು ಹಿಗ್ಗಿದ್ದ. ಅದಕ್ಕಾಗಿ ಸಾವುಕಾರರು ಮದರಾಸಿನಿಂದ ಒಂದು ಹಿತ್ತಾಳೆ ಸೀಟಿ ತರಿಸಿದ್ದರು. ಅದನ್ನು ಊದಬಲ್ಲವನೇ ಕಂಡಕ್ಟರು.

ಪುಟ್ಟಮಾದಪ್ಪ ಊದಿದ. ಹಲ್ಲಿನ ಎರಡೂ ಪಕ್ಕದಿಂದ ಹೊರಟ ಗಾಳಿಗೆ ಸಾವುಕಾರರ ಹೆಗಲ ಮೇಲಿನ ವಲ್ಲಿ ಹಾರಿತು. ಸೀಟಿ ಮಾತ್ರ ‘ಪುಸ್’ ಎಂದಿತು.

“ಮೊದ್ಲು ತುಟಿ ಮುಚ್ಚೋದು ಕಲ್ತ್ಕೊಳಪ್ಪ,” ಎಂದರು ಸಾವುಕಾರರು. “ಆಮ್ಯಾಕೆ ನೋಡಾನ.”

ಬಸ್ಸು ರಿಪೇರಿಗೆಂದು ಮೈಸೂರಿಗೆ ಹೋದಾಗ ಪುಟ್ಟಮಾದಪ್ಪನಿಗೆ ಒಬ್ಬ ಹಲ್ಲಿನ ಡಾಕ್ಟರು ಸಿಕ್ಕಿದರು. ಹಲ್ಲು ಕೀಳುವುದರ ಜೊತೆಗೆ, ಸೊಟ್ಟ ಹಲ್ಲನ್ನು ತಂತಿ ಕಟ್ಟಿ ನೆಟ್ಟಗೆ ಮಾಡುವ ವಿದ್ಯೆಯನ್ನೂ ಹೊಸದಾಗಿ ಕಲಿತು ಬಂದಿದ್ದ ಮನುಷ್ಯ. ಕೀಳಿಸಿಕೊಳ್ಳಲು ಊರೆಲ್ಲ ಬರುತ್ತಿತ್ತು, ಕಟ್ಟಿಸಿಕೊಳ್ಳಲು ಒಬ್ಬನೂ ಬಂದಿರಲಿಲ್ಲ. ಪುಟ್ಟಮಾದಪ್ಪನ ಬಾಯನ್ನು ನೋಡಿ ಅವರ ಕಣ್ಣಲ್ಲಿ ನೀರೇ ಬಂತು. ಪುಕ್ಕಟೆಯಾಗಿ ಹಲ್ಲುಹಲ್ಲಿಗೂ ಪಟ್ಟಿ ಹಾಕಿ, ಉದ್ದಕ್ಕೂ ತಂತಿ ಎಳೆದು ಕಟ್ಟಿದರು. ಕಟ್ಟಿ ಹೇಳಿದರು: “ಗಟ್ಟಿ ಪದಾರ್ಥ ಕಡೀಬೇಡ. ತಂತಿ ಚುಚ್ಚಿದರೆ ಕಡಲೆಕಾಳಿನಷ್ಟು ಮೇಣ ಉರುಟಿ ತುದಿಗೆ ಒತ್ತು. ಹುಣ್ಣಾದರೆ ಉಪ್ಪುನೀರಲ್ಲಿ ಮುಕ್ಕಳಿಸು. ಸಡಿಲವಾದರೆ ಯಾರೂ ಕೈಹಾಕಕೂಡದು, ನನ್ನ ಹತ್ರ ಬಾ.”

ಈ ವಿಷಯ ಸಾವುಕಾರರ ಕಿವಿಗೆ ಬೀಳಬಾರದು ಎಂದು ಪುಟ್ಟಮಾದಪ್ಪ ಮನೆಯವರಿಂದೆಲ್ಲ ಆಣೆ ಮಾಡಿಸಿಕೊಂಡಿದ್ದ. ಅದಕ್ಕೂ ಕಾರಣವಿತ್ತು. ಸಾವುಕಾರರು ಮೊದಲು ದನದ ವ್ಯಾಪಾರ ಮಾಡಿದವರು. ಯಾರೋ ಮುದಿ ಎತ್ತಿನ ಹಲ್ಲನ್ನು ಅರದಿಂದ ಉಜ್ಜಿ, ಪ್ರಾಯದ್ದು ಎಂದು ಅವರ ಕೊರಳಿಗೆ ಕಟ್ಟಿದ್ದರು. ಅವತ್ತಿನಿಂದ ಅವರು, “ಎತ್ತೇ ಆಗ್ಲಿ, ಆಳೇ ಆಗ್ಲಿ, ಹಲ್ಲಿಗೆ ಕೈ ಹಾಕ್ಸಿದ್ದನ್ನ ನನ್ನ ಬಾಗ್ಲಿಗೆ ಸೇರ್ಸಾಕಿಲ್ಲ” ಎಂದು ಕಂಡಕಂಡವರಿಗೆ ಹೇಳುತ್ತಿದ್ದರು. ಅದಕ್ಕೇ ಪುಟ್ಟಮಾದಪ್ಪ ಮೀಸೆಯನ್ನು ಚಪ್ಪರದ ಸೋಗೆಯ ಹಾಗೆ ಇಳಿಬಿಟ್ಟು ತಂತಿಯನ್ನು ಮುಚ್ಚಿಕೊಂಡಿದ್ದ.

ತಿಂಗಳುಗಟ್ಟಲೆ ಗಂಜಿ ಕುಡಿದದ್ದು ವ್ಯರ್ಥವಾಗಲಿಲ್ಲ. ಹಲ್ಲು ನಡುಮನೆಯಿಂದ ಜಗಲಿಗೆ, ಜಗಲಿಯಿಂದ ಬಾಯೊಳಕ್ಕೆ ಬಂದು ಕೂತಿತು. ತೆಂಗಿನ ಗರಿಯ ಪೀಪಿ ಊದಿ ನೋಡಿದ. ಊದಿದ ಹೊಡೆತಕ್ಕೆ ಹಿತ್ತಿಲ ಕೋಳಿ ಬೇಲಿ ಹಾರಿತು. ಪ್ರಾಯದವರೆಲ್ಲ ಪಟಾಳಕ್ಕೆ ಹೋಗಿ, ಬೇರೆ ಆಳು ಸಿಗದೆ ಕಂಡಕ್ಟರ್ ಕೆಲಸ ಇನ್ನೂ ಖಾಲಿಯೇ ಇತ್ತು. ಸಾವುಕಾರರು ಹಿಂದಿನ ದಿನವೇ ಹನೂರಿಗೆ ಬಂದು ಉಳಿದಿದ್ದರು. ಇವತ್ತು ಬೆಳಗಿನ ಬಸ್ಸಿನಲ್ಲಿ ಜೊತೆಗೇ ಹೊರಟು, ದಾರಿಯಲ್ಲಿ ಸೀಟಿ ಊದಿಸಿ, ಕಂಡಕ್ಟರ್ ಕೆಲಸವನ್ನು ತೀರ್ಮಾನ ಮಾಡುವುದು ಎಂದಾಗಿತ್ತು. ಒಳ್ಳೆಯ ಕೆಲಸಕ್ಕೆ ಹೊರಡುವಾಗ ಬಾಯಿ ಸಿಹಿ ಮಾಡಬೇಕಲ್ಲ. ಯುದ್ಧದ ದೆಸೆಯಿಂದ ಮನೆಯಲ್ಲಿ ಸಕ್ಕರೆ ಇರಲಿಲ್ಲ. ಹೆಂಡತಿ ಚೆಲುವಮ್ಮ ಇದ್ದ ಒಂದು ಕಮರಕಟ್ಟನ್ನೇ ಕೊಟ್ಟು, “ವಸಿ ಚೀಪ್ಬುಟ್ಟು ಮಡಗಿ” ಎಂದಳು.

ಅವನು ಚೀಪಲಿಲ್ಲ.

“ಏನಾಯ್ತು? ಯಾಕಂಗೆ ಕಣ್ ಬುಡ್ತೀರಿ?” ಎಂದಳು ಚೆಲುವಮ್ಮ.

“ಥಂಥಿ... ಥುಚ್ಥದೆ,” ಎಂದ ಪುಟ್ಟಮಾದಪ್ಪ, ಕಮರಕಟ್ಟನ್ನು ಉಗಿದು ಜೇಬಿಗಿಟ್ಟುಕೊಳ್ಳುತ್ತ.

ತಂತಿಯ ಒಂದು ತುದಿ ಪಟ್ಟಿಯಿಂದ ಕಳಚಿ ಒಳಗೆನ್ನೆಗೆ ನೆಟ್ಟಿತ್ತು. ಚೆಲುವಮ್ಮ ಗಾಬರಿ ಬೀಳಲಿಲ್ಲ. ಡಾಕ್ಟರು ಹೇಳಿದ್ದು ಅವಳಿಗೆ ನೆನಪಿತ್ತು, ಮೇಣ ಬೇಕು. ಮನೆಯಲ್ಲಿ ಮೇಣವಿರಲಿಲ್ಲ. ಬೇಲಿಯ ಮೇಲೆ ತಲೆಯಿಟ್ಟು, “ದೊಡ್ಡವ್ವಾ, ಮೇಣ ಇದ್ದದಾ?” ಎಂದು ಕೂಗಿದಳು.

ಪಕ್ಕದ ಮನೆಯ ದೊಡ್ಡಮಾದಮ್ಮನಿಗೆ ಯಾರಾದರೂ ಒಂದು ಕೇಳಿದರೆ ಎರಡು ಕೊಟ್ಟು ಅಭ್ಯಾಸ. ಬೆಟ್ಟದ ಸೋಲಿಗರು ಜೇನು ಮಾರಲು ಬಂದಾಗ ಕೊಟ್ಟುಹೋಗಿದ್ದ ಮೇಣದ ಉಂಡೆಯನ್ನೇ ಮಡಿಲಲ್ಲಿಟ್ಟುಕೊಂಡು ಬಂದಳು. ತೆಂಗಿನಕಾಯಿ ಗಾತ್ರದ ಉಂಡೆ, ನಡುವೆ ಇನ್ನೂ ಜೇನು ಜಿನುಗುತ್ತಿತ್ತು.

“ಬಾಯ್ ಬುಡು ಮೊಗ.”

“ಕಡ್ಲೆಕಾಳಷ್ಟು ಸಾಕಂತೆ ದೊಡ್ಡವ್ವ,” ಎಂದಳು ಚೆಲುವಮ್ಮ.

“ಕಡ್ಲೆಕಾಳಷ್ಟಾ? ಅಂವ ಪಟ್ಣದ ಡಾಕ್ಟ್ರು, ಮೇಣನೂ ಕೊಂಡ್ಕಬೇಕು, ಜಿಪುಣತನ ಮಾಡ್ತನೆ. ನಮ್ಮನೇಲಿ ಏನ್ ಬರನಾ? ನಮ್ ಕಂಚಿನ ಗಡಿಗೆ ಓಟೆ ಬಿದ್ದಾಗ ಇದೇ ಮೇಣ್ದಲ್ಲಿ ಮೆತ್ತಿದ್ದು. ಇವತ್ತುಗಂಟ ಒಂದು ತೊಟ್ಟು ಸೋರಿಲ್ಲ!”

ಹೇಳುತ್ತಾ ಹೇಳುತ್ತಾ ಅವಳು ನಿಂಬೆಹಣ್ಣಿನಷ್ಟು ಮೇಣವನ್ನು ಅವನ ಬಾಯೊಳಗೆ ಒತ್ತಿ, ಹೆಬ್ಬೆರಳಿನಿಂದ ಗೋಡೆ ಸಾರಿಸುವ ಹಾಗೆ ಅತ್ತ ಇತ್ತ ಸಾರಿಸಿದಳು. ಚುಚ್ಚುವುದೇನೋ ನಿಂತಿತು. ಜೊತೆಗೆ ನಾಲಿಗೆ ಹೊರಳುವುದೂ ನಿಂತಿತು.

ಪುಟ್ಟಮಾದಪ್ಪ ಕೈಯಲ್ಲಿ ಸೀಟಿ ಊದುವ ಹಾಗೆ ಮಾಡಿ ತೋರಿಸಿ, ಇಲ್ಲ ಎಂದು ಕೈಯಾಡಿಸಿದ.

“ಊದಾಕೆ ಆಗಕಿಲ್ವಾ? ಎಚ್ಚಾಯ್ತು ಅಂತಾನಾ?” ಎಂದಳು ದೊಡ್ಡಮಾದಮ್ಮ. “ಅದುಕ್ಯಾಕೆ ಯೋಚ್ನೆ? ಬಿಸಿನೀರಿಗೆ ಉಪ್ಪಾಕಿ ಮುಕ್ಕಳ್ಸು, ಎಚ್ಚಿಗೆ ಆದದ್ದು ಕರಗೋಯ್ತದೆ. ಡಾಕ್ಟ್ರು ಉಪ್ಪುನೀರು ಅಂದಿಲ್ವಾ?”

ಡಾಕ್ಟರು ಉಪ್ಪುನೀರು ಎಂದಿದ್ದರು. ಒಲೆಯ ಮೇಲಿಂದ ಈಗಷ್ಟೇ ಇಳಿಸಿದ ನೀರು ಎಂದಿರಲಿಲ್ಲ. ಚೆಲುವಮ್ಮ ಮುದ್ದೆಗೆ ಇಟ್ಟಿದ್ದ ಎಸರಿನಲ್ಲೇ ಒಂದು ಚೊಂಬು ಬಗ್ಗಿಸಿ ಉಪ್ಪು ಹಾಕಿ ಕೊಟ್ಟಳು. ಮೇಣ ಕರಗಿತು, ಅದೂ ಬಾಯಿಯ ತುಂಬ. ನೀರು ಉಗಿದ ಮೇಲೆ ಗಟ್ಟಿಯಾಯಿತು, ಅದೂ ತುಟಿಯ ತುಂಬ. ಮೇಲಿನ ತುಟಿ, ಕೆಳಗಿನ ತುಟಿ, ನಡುವೆ ಮೀಸೆ, ಮೂರೂ ಸೇರಿ ಕಡುಬಿನ ಅಂಚು ಒತ್ತಿದ ಹಾಗೆ ಕೂಡಿಕೊಂಡವು. ಬಾಯಿಯ ಒಂದು ಮೂಲೆಯಲ್ಲಿ ಮಾತ್ರ ತಂತಿಯ ತುದಿ ಹೊರಗೆ ಇಣುಕಿತು.

“ಮ್ಮ್ಮ್!” ಎಂದ ಪುಟ್ಟಮಾದಪ್ಪ.

ಈ ಹೊತ್ತಿಗೆ ಸರಿಯಾಗಿ ಪುಟ್ಟಸಿದ್ದಯ್ಯ ಬಂದ. ಅವನು ಚೆಲುವಮ್ಮನ ತಮ್ಮ, ಹಿಂದಿನ ಬೀದಿಯಲ್ಲಿ ಎತ್ತಿಗೆ ಲಾಳ ಕಟ್ಟುವವನು. ಹಲ್ಲಿನ ವಿಷಯದಲ್ಲಿ ಬಾವನೂ ಬಾಮೈದನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರು. ಚೆಲುವಮ್ಮನನ್ನು ಕೊಡುವಾಗ, ಗಂಡು ನೋಡಲು ನಮ್ಮವರ ಹಾಗೇ ಇದ್ದಾನೆ ಎಂದೇ ಹಿರಿಯರು ಒಪ್ಪಿದ್ದರು. ಪುಟ್ಟಸಿದ್ದಯ್ಯ ಮಾತ್ರ ತನ್ನ ಉಬ್ಬುಹಲ್ಲಿಗೆ ಎಂದೂ ನಾಚಿದವನಲ್ಲ. “ನಾನ್ ಲಾಳ ವಡೆಯೋವಾಗ ಎತ್ತು ನನ್ ಮೊಖ ನೋಡ್ತದಾ?” ಎನ್ನುತ್ತಿದ್ದ.

“ಇದೇನ್ ಬಾವ, ಬಾಯ್ಗೆ ಬೆಸುಗೆ ಆಕ್ಸಿದ್ದೀಯೆ?” ಎಂದು ಅವನು ಹತ್ತಿರ ಬಂದು ನೋಡಿದ. “ಓ, ತಂತಿ ತುದಿ ಈಚೆ ಬಂದದೆ. ಒಳಿಕ್ಕೆ ತಳ್ಬುಟ್ರೆ ಆಯ್ತು. ಲಾಳದ ಮೊಳೆಗಿಂತ ಎಚ್ಚಾ ಇದು?” ಎಂದವನೇ ಚೀಲದಿಂದ ಇಕ್ಕಳ ತೆಗೆದ.

ಪುಟ್ಟಮಾದಪ್ಪ ಗೋಡೆಗೆ ಬೆನ್ನು ಹತ್ತಿಸಿ ತಲೆ ಅಲ್ಲಾಡಿಸಿದ.

“ಎತ್ತೂ ಮೊದ್ಲು ಇಂಗೇ ಮಾಡ್ತವೆ,” ಎಂದ ಪುಟ್ಟಸಿದ್ದಯ್ಯ. “ಅಕ್ಕಾ, ನೀನ್ ಕೈ ಇಡ್ಕೊ. ದೊಡ್ಡವ್ವಾ, ನೀನು ತಲೆ.”

ಪುಟ್ಟಮಾದಪ್ಪ ಕೊಸರಾಡಿದ. ಪುಟ್ಟಸಿದ್ದಯ್ಯ ಅಭ್ಯಾಸಬಲದಿಂದ ಎರಡು ಬೆರಳು ಬಾಯಿಗಿಟ್ಟು, ಒದೆಯುವ ಎತ್ತಿಗೆ ಹಾಕುವ ಸೀಟಿ ಹಾಕಿದ. ಬೀದಿಯಲ್ಲಿ ಹೋಗುತ್ತಿದ್ದ ಗಾಡಿಯ ಎತ್ತುಗಳೆಲ್ಲ ಗಕ್ಕನೆ ನಿಂತವು. ಪುಟ್ಟಮಾದಪ್ಪ ಮಾತ್ರ ನಿಲ್ಲಲಿಲ್ಲ. ಕೊನೆಗೆ ಇಕ್ಕಳ ತಂತಿಗೆ ಸಿಕ್ಕಿತು. ಒಳಕ್ಕೆ ತಳ್ಳಬೇಕಾದದ್ದು ಹೊರಕ್ಕೆ ಬಂತು. ಗೇಣುದ್ದ ಬಂದು, ಬಾಗಿ, ಚೇಳಿನ ಕೊಂಡಿಯ ಹಾಗೆ ಮೇಲಕ್ಕೆದ್ದು, ಕೆಳದುಟಿಯ ಮೇಲಿನ ಮೇಣದ ಮೂಲಕ ತೂರಿ ಅಲ್ಲೇ ಸಿಕ್ಕಿಕೊಂಡಿತು.

ಮೂವರೂ ಸ್ವಲ್ಪ ಹಿಂದೆ ಸರಿದು ನೋಡಿದರು.

“ವಸಿ ಎಚ್ಚುಕಮ್ಮಿ ಆಯ್ತು,” ಎಂದ ಪುಟ್ಟಸಿದ್ದಯ್ಯ.

ಅಷ್ಟರಲ್ಲಿ ಬಸ್ಸಿನ ಹಾರನ್ನು ಕೂಗಿತು. ಪುಟ್ಟಮಾದಪ್ಪ ಟವಲನ್ನು ಮುಖಕ್ಕೆ ಸುತ್ತಿಕೊಂಡು ಓಡಿದ. “ನಾನೂ ಬತ್ತೀನಿ ತಡಿ ಬಾವ, ದಾರೀಲೇ ಸರಿ ಮಾಡಾನ,” ಎಂದು ಪುಟ್ಟಸಿದ್ದಯ್ಯ ಇಕ್ಕಳ ಹಿಡಿದು ಹಿಂದೆಯೇ ಓಡಿದ.

ಸಾವುಕಾರ್ ಸದಾಶಿವಪ್ಪನವರು ಮುಂದಿನ ಸೀಟಿನಲ್ಲಿ ವಿಭೂತಿ ಬಳಿದುಕೊಂಡು, ಕೈಗೆ ಸೀಟಿಯ ದಾರ ಸುತ್ತಿಕೊಂಡು ಕೂತಿದ್ದರು. ಪುಟ್ಟಮಾದಪ್ಪ ಬಸ್ಸಿನ ಹಿಂದಕ್ಕೆ ನುಸುಳಿ ಮುಂಜಾನೆಯೇ ಬೆಂಕಿ ಹಾಕಿಟ್ಟು ಬಂದಿದ್ದ ಒಲೆಗೆ ಪಂಕ ತಿರುಗಿಸತೊಡಗಿದ. ಬಸ್ಸು ಕೆಮ್ಮಿ ಹೊರಟಿತು. ಹಿಂದಿನ ಏಣಿ ಹಿಡಿದೇ ಕೊಳ್ಳೇಗಾಲ ಮುಟ್ಟಿಬಿಟ್ಟರೆ ಹೇಗೋ ಬಚಾವು ಎಂದುಕೊಂಡಿದ್ದ. ಆದರೆ ಸಾವುಕಾರರು ಕಿಟಕಿಯಿಂದ ತಲೆ ಹಾಕಿ, “ಏನಯ್ಯ, ಕಂಡಕ್ಟರ್ ಆಗೋನು ಇನ್ನೂ ಏಣೀಲಿ ನೇತಾಡ್ತೀಯಾ? ಒಳಿಕ್ಕೆ ಬಾ,” ಎಂದರು.

ಬಂದ. ಬಸ್ಸು ಒಂದು ಹಳ್ಳಕ್ಕೆ ಬಿದ್ದು ಎದ್ದಿತು. ಟವಲು ಜಾರಿತು.

ಬಾಗಿಲ ಪಕ್ಕ ಕೂತಿದ್ದವಳು ಪುಟ್ಟಗೌರಮ್ಮ ಎಂಬ ಮುದುಕಿ, ಯಳಂದೂರಿನ ಮಗಳ ಮನೆಗೆ ಹೊರಟವಳು. ಅವಳು ತಲೆಯೆತ್ತಿ ನೋಡಿದಳು. ಮುಚ್ಚಿದ ಬಾಯಿ, ತುಟಿಯಲ್ಲಿ ತೂರಿ ನಿಂತ ಹೊಳೆಯುವ ತಂತಿ. ಒಮ್ಮೆಲೇ ಎದ್ದು ಎರಡೂ ಕೈ ಎತ್ತಿ ಮುಗಿದಳು.

“ಅವ್ವಾ, ತಾಯಿ ಮಾರಮ್ಮಾ! ಬಾಯ್ಬೀಗ! ಬಾಯ್ಬೀಗ ಆಕ್ಕೊಂಡವ್ನೆ ಕನ್ರಪ್ಪೋ!”

ಬಸ್ಸಿಗೆ ಬಸ್ಸೇ ಎದ್ದು ನಿಂತಿತು. ಆ ಸೀಮೆಯಲ್ಲಿ ಬಾಯಿಬೀಗ ಕಾಣದವರು ಯಾರು? ಮಾರಮ್ಮನಿಗೆ ಹರಕೆ ಹೊತ್ತವರು ತುಟಿಗೋ ಕೆನ್ನೆಗೋ ಸಲಾಕಿ ಚುಚ್ಚಿಸಿಕೊಂಡು, ಮಾತು ಬಿಟ್ಟು, ಅನ್ನ ನೀರು ಬಿಟ್ಟು, ಗುಡಿಯ ಮುಂದೆ ಬೀಗ ತೆಗೆಸುವ ತನಕ ದೇವಿಯ ಸ್ವತ್ತಾಗಿರುತ್ತಾರೆ. ಹತ್ತಾರು ಜನ ಹೋಗುವ ಬಸ್ಸಿನಲ್ಲಿ ಅಂಥವನೊಬ್ಬ ಇದ್ದಾನೆ ಎಂದರೆ!

ಪುಟ್ಟಮಾದಪ್ಪ ಅಲ್ಲ ಎಂದು ತಲೆ ಅಲ್ಲಾಡಿಸಿದ.

“ಮೈಮ್ಯಾಲೆ ಬತ್ತಾವ್ಳೆ!” ಎಂದರು ಜನ.

ಬೇಡ ಬೇಡ ಎಂದು ಎರಡೂ ಕೈ ಆಡಿಸಿದ. ಅಭಯ ಕೊಟ್ಟ ಎಂದು ಇಬ್ಬರು ಹೆಂಗಸರು ಕಾಲಿಗೆ ಬಿದ್ದರು. ಯಾರೋ ಅರಿಸಿನ ಹಚ್ಚಿದರು, ಯಾರೋ ಮಡಿಲಲ್ಲಿದ್ದ ನಿಂಬೆಹಣ್ಣು ಕೈಗಿಟ್ಟರು. ಮೇಣದ ಜೇನಿನ ವಾಸನೆ ಹಿಡಿದು ದಾರಿಯಲ್ಲಿ ಹತ್ತಿದ್ದ ಎರಡು ಜೇನುನೊಣ ಅವನ ಬಾಯಿಯ ಸುತ್ತ ಗುಂಯ್‌ಗುಟ್ಟತೊಡಗಿದಾಗಂತೂ ಪುಟ್ಟಗೌರಮ್ಮ, “ಅಮ್ಮ ಜೇನಾಗಿ ಬಂದವ್ಳೆ ನೋಡ್ರಪ್ಪ” ಎಂದು ಅತ್ತೇಬಿಟ್ಟಳು.

ಸಾವುಕಾರರು ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡರು. ಅವರಿಗೆ ಒಂದು ಅನುಮಾನ ಮಾತ್ರ ಉಳಿದಿತ್ತು. ಇಕ್ಕಳವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದ ಪುಟ್ಟಸಿದ್ದಯ್ಯನನ್ನು ಕೇಳಿದರು: “ಏನ್ಲಾ, ನಿಮ್ ಬಾವ ಅರಕೆ ಒತ್ತಿದ್ದು ನಿಜವಾ? ಇಲ್ಲಾ ಆ ತಂತಿ ಬ್ಯಾರೆ ಏನಾರಾನಾ?”

ಪುಟ್ಟಸಿದ್ದಯ್ಯ ಬಾವನ ಮುಖ ನೋಡಿದ. ತಂತಿಯ ಸುದ್ದಿಯನ್ನು ಸಾವುಕಾರರಿಗೆ ಹೇಳುವುದಿಲ್ಲ ಎಂದು ಅಕ್ಕನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದ. ಅವನು ಏನು ಬೇಕಾದರೂ ಮಾಡುವವನು, ಆಣೆ ಮಾತ್ರ ಮುರಿಯುವವನಲ್ಲ.

“ನಿಜ ಬುದ್ದಿ,” ಎಂದ. “ಬಾಳಾ ದಿನದ್ ಅರಕೆ.”

“ಅಂಗಾರೆ ಮೊದ್ಲು ಗುಡಿ!” ಎಂದರು ಸಾವುಕಾರರು. ಬೀಗ ಹಾಕಿಸಿಕೊಂಡವನನ್ನು ದಾರಿಯಲ್ಲಿ ಕಾಯಿಸಬಾರದು, ಕಾಯಿಸಿದರೆ ಬಸ್ಸು ಕೆಟ್ಟು ನಿಲ್ಲುತ್ತದೆ ಎಂದು ಪುಟ್ಟಗೌರಮ್ಮ ಸೇರಿಸಿದಳು. ಆ ಬಸ್ಸು ದೇವರ ಕೋಪವಿಲ್ಲದೆಯೂ ವಾರಕ್ಕೆರಡು ಸಲ ಕೆಟ್ಟು ನಿಲ್ಲುತ್ತಿತ್ತು, ಆದ್ದರಿಂದ ಯಾರೂ ಎದುರಾಡಲಿಲ್ಲ. ಕಾಮಗೆರೆಗೆ ಮುಂಚೆ ರಸ್ತೆಯ ಪಕ್ಕದಲ್ಲೇ ಮಾರಮ್ಮನ ಗುಡಿ. ಸಾವುಕಾರರು ಡ್ರೈವರ್ ಶಿವನಂಜಯ್ಯನ ಹೆಗಲು ಹಿಡಿದು ಅಲ್ಲಾಡಿಸಿ ಬಸ್ಸು ನಿಲ್ಲಿಸಿದರು.

ಗುಡಿಯ ಪೂಜಾರಿ ಚಿಕ್ಕಮಾದಯ್ಯ ಬೀಗ ಹಾಕುವುದರಲ್ಲಿ, ತೆಗೆಯುವುದರಲ್ಲಿ ಕೈ ಪಳಗಿದವನು. ಆದರೂ ಇಂಥದ್ದನ್ನು ಕಂಡಿರಲಿಲ್ಲ. ದೀಪದ ಬೆಚ್ಚನೆಯ ಎಣ್ಣೆ ಸವರಿ ಮೇಣ ಬಿಡಿಸಿ ಒಳಗೆ ನೋಡಿದವನೇ ಬೆಚ್ಚಿದ.

“ಯಾವ್ ಪುಣ್ಯಾತ್ಮ ಆಕ್ದಪ್ಪಾ ಇದ್ನ? ತುಟಿಗಲ್ಲ, ಹಲ್ಲುಹಲ್ಲಿಗೂ ಬೀಗ ಜಡ್ದವ್ನೆ!”

“ಮುವ್ವತ್ತೆರಡು ಬೀಗ!” ಎಂದು ಜನ ಉದ್ಗರಿಸಿದರು.

ಪುಟ್ಟಮಾದಪ್ಪ ಕೈಮುಗಿದು ಹಿಂದೆ ಸರಿದ. ನಾಲ್ಕು ಜನ ಭಕ್ತಿಯಿಂದ ಹಿಡಿದುಕೊಂಡರು. ಚಿಕ್ಕಮಾದಯ್ಯ ತಂತಿಯ ತುದಿಯನ್ನು ಬೆರಳಿಗೆ ಸುತ್ತಿ, “ತಾಯೇ” ಎಂದು ಒಂದೇ ಎಳೆತ ಎಳೆದ. ಒಣಗಿದ ಬಳ್ಳಿಯಿಂದ ಅವರೆಕಾಯಿ ಕಿತ್ತು ಬಂದ ಹಾಗೆ ಪಟಪಟಪಟನೆ ಪಟ್ಟಿಗಳೆಲ್ಲ ಸಾಲಾಗಿ ಕಿತ್ತು ಬಂದವು. ಮೈಸೂರಿನ ಡಾಕ್ಟರು ಅರ್ಧ ದಿನ ಕೂತು ಕಟ್ಟಿದ್ದು ಮಾರಮ್ಮನ ತ್ರಿಶೂಲಕ್ಕೆ ತೋರಣವಾಯಿತು.

“ತುಟೀಲಿ ತೂತೇ ಇಲ್ಲ!” ಎಂದು ಪುಟ್ಟಗೌರಮ್ಮ ಕೂಗಿದಳು. ನಿಜ. ತಂತಿ ತೂರಿದ್ದು ಮೇಣಕ್ಕೆ, ತುಟಿಗಲ್ಲ. ಆದರೆ ಅದನ್ನು ಕೇಳುವವರು ಯಾರು?

ಸಾವುಕಾರರು ಮುಂದೆ ಬಂದು, ಎತ್ತು ಕೊಳ್ಳುವಾಗ ಮಾಡುವ ಹಾಗೆ, ಪುಟ್ಟಮಾದಪ್ಪನ ಗದ್ದ ಹಿಡಿದು ತುಟಿ ಎತ್ತಿ ನೋಡಿದರು. ಸಾಲಾಗಿ, ನೆಟ್ಟಗೆ, ಜೋಳದ ತೆನೆಯ ಹಾಗೆ ಹಲ್ಲು.

“ನೋಡ್ರಪ್ಪಾ! ಕಂಡಿದ್ರಲ್ಲ ಇವ್ನ ಹಲ್ಲು ಎಂಗಿತ್ತು ಅಂತ? ಅರ ಇಲ್ಲ, ಉಳಿ ಇಲ್ಲ, ಮನುಷ್ರ ಕೈ ಸೋಕ್ಲಿಲ್ಲ. ಅಮ್ಮ ನೆಟ್ಟಗ್ ಮಾಡವ್ಳೆ! ತಕೊಳಪ್ಪ ಪುಟ್ಮಾದಪ್ಪ. ಸೀಟಿ ನಿಂದು, ಕೆಲ್ಸ ನಿಂದು. ಊದು.”

ಹಿತ್ತಾಳೆ ಸೀಟಿ ಅವನ ಕೈಗೆ ಬಂತು. ತುಟಿಗಳು ಸಲೀಸಾಗಿ ಕೂಡಿದವು. ಹುಟ್ಟಿದಾರಭ್ಯ ಅವು ಇಷ್ಟು ಚೆನ್ನಾಗಿ ಕೂಡಿರಲಿಲ್ಲ. ಪುಟ್ಟಮಾದಪ್ಪ ಎದೆ ತುಂಬ ಉಸಿರೆಳೆದು ಸೀಟಿಯನ್ನು ಬಾಯಿಯ ಹತ್ತಿರಕ್ಕೆ ತಂದ.

“ಅಯ್ಯೋ, ತಡ್ಯೋ!” ಎಂದು ಚಿಕ್ಕಮಾದಯ್ಯ ಕೈಗೆ ಹೊಡೆದ. ಸೀಟಿ ನೆಲಕ್ಕೆ ಬಿತ್ತು. “ಬೀಗ ತಗ್ದ ಬಾಯಿ ಅಮ್ಮನ್ ಮೀಸಲು ಕನಪ್ಪ! ಕಂಡೋರ ಎಂಜಲು ಸೀಟಿ ಇಕ್ತೀಯಾ? ಬರೋ ವರ್ಸ ಮತ್ತೆ ಬೀಗ ಆಕೋಗಂಟ ಇತ್ತಾಳೆ ಕಬ್ಬಿಣ ಯಾವ್ದೂ ಆ ಬಾಯ್ಗೆ ಸೋಕಂಗಿಲ್ಲ.”

“ಬಯೋ ವಯ್ಥನಾ?” ಎಂದ ಪುಟ್ಟಮಾದಪ್ಪ. ನಾಲಿಗೆಗೆ ಇನ್ನೂ ಮೇಣ ಮೆತ್ತಿತ್ತು.

“ಮೂರ್ ವರ್ಸ ಬುಡ್ದಂಗೆ ಆಕ್ಸಬೇಕು ಅಲ್ವಾ? ಬರೋ ವರ್ಸ ನಾನೇ ಚುಚ್ತೀನಿ, ದಪ್ಪ ಸಲಾಕಿ ಅದೆ. ಇಂಗೆ ತಂತಿಗಿಂತಿ ಅಲ್ಲ.”

ಪುಟ್ಟಮಾದಪ್ಪ ಎಂಜಲೆಲ್ಲ ಉಗಿದು, ನಾಲಿಗೆ ಸರಿಮಾಡಿಕೊಂಡು, “ಬುದ್ದೀ, ಇದು ಬೀಗ ಅಲ್ಲ, ಇದು...” ಎಂದು ಶುರುಮಾಡಿ, ಸಾವುಕಾರರ ಮುಖ ನೋಡಿ ನಿಲ್ಲಿಸಿದ. ಬೀಗವಲ್ಲ ಎಂದರೆ ಹಲ್ಲಿಗೆ ಕೈ ಹಾಕಿಸಿದ ಆಳಾಗುತ್ತಾನೆ, ಕೆಲಸವಿಲ್ಲ. ಬೀಗವೇ ಎಂದರೆ ಸೀಟಿ ಮುಟ್ಟುವ ಹಾಗಿಲ್ಲ, ಕೆಲಸವಿಲ್ಲ. ಎರಡರಲ್ಲೂ ಒಂದೇ ವ್ಯತ್ಯಾಸ, ಬೀಗ ಎಂದರೆ ಮೇಲೊಂದು ಸಲಾಕಿ ಸಿಗುತ್ತದೆ.

“ಇದು ಏನ್ಲಾ?” ಎಂದರು ಸಾವುಕಾರರು.

“ಏನಿಲ್ಲ ಬುದ್ದಿ,” ಎಂದ ಪುಟ್ಟಮಾದಪ್ಪ.

ಅದೇ ಹೊತ್ತಿಗೆ ರಸ್ತೆಯ ಕಡೆಯಿಂದ ಎಂಜಿನ್ ಗುಡುಗಿತು. ಡ್ರೈವರ್ ಶಿವನಂಜಯ್ಯ ಒಬ್ಬನೇ ಬಸ್ಸಿನಲ್ಲಿ ಉಳಿದಿದ್ದ. ಪೂಜೆ ಮುಗಿದಿರಬೇಕು, ಜನ ಹತ್ತಿರಬೇಕು ಎಂದು ತಾನೇ ತೀರ್ಮಾನಿಸಿ ಗೇರ್ ಹಾಕಿಬಿಟ್ಟ. ಖಾಲಿ ಬಸ್ಸು ಹೊಗೆ ಬಿಡುತ್ತ ಕೊಳ್ಳೇಗಾಲದ ಕಡೆ ಹೊರಟಿತು.

“ಓಯ್! ನಿಲ್ಸೋ! ಲೇ ಶಿವನಂಜಾ!” ಎಂದು ಸಾವುಕಾರರು ಪೇಟ ಬೀಸುತ್ತ ಓಡಿದರು. ಹಿಂದೆ ಜನ, ಜನರ ಹಿಂದೆ ಗಂಟು ಹೊತ್ತ ಪುಟ್ಟಗೌರಮ್ಮ. ಕೂಗಿದರು, ಚಪ್ಪಾಳೆ ತಟ್ಟಿದರು, ಪೂಜಾರಿ ಗುಡಿಯ ಗಂಟೆಯನ್ನೇ ಬಾರಿಸಿದ. ಬಸ್ಸು ಇನ್ನೂ ಹಗುರವಾಗಿ ಓಡಿತು.

ಆಗ ಪುಟ್ಟಸಿದ್ದಯ್ಯ ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ರಸ್ತೆಯ ನಡುವೆ ನಿಂತು, ಎರಡು ಬೆರಳನ್ನು ಬಾಯಿಗಿಟ್ಟು ಸೀಟಿ ಹಾಕಿದ.

ಹುಣಸೆಮರದ ಗಿಣಿಗಳೆಲ್ಲ ಹಾರಿದವು. ಹೊಲದಲ್ಲಿ ಉಳುತ್ತಿದ್ದ ಎತ್ತುಗಳು ಕಾಲು ಊರಿ ನಿಂತವು. ಅಲ್ಲಿ ದೂರದಲ್ಲಿ, ಎಷ್ಟೋ ಕಾಲದಿಂದ ಯಾರ ಮಾತೂ ಕೇಳದ ಶಿವನಂಜಯ್ಯ ಬೆಚ್ಚಿ ಬ್ರೇಕು ಒತ್ತಿದ.

ಸಾವುಕಾರರು ಏದುಸಿರು ಬಿಡುತ್ತ ತಿರುಗಿ ನೋಡಿದರು.

“ಯಾರ್ಲಾ ಅದು ಊದಿದ್ದು? ಎಲ್ಲಿ ಸೀಟಿ?”

“ಸೀಟಿ ಯಾಕ್ ಬುದ್ದಿ?” ಎಂದ ಪುಟ್ಟಸಿದ್ದಯ್ಯ, ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತ. “ಉಬ್ಬಲ್ಲು ಇದ್ರೆ ಸಾಕು. ನಾಲ್ಗೆ ಮಡಚಿ ಹಲ್ಲಿನ ಕೆಳಕ್ಕೆ ಸಿಗ್ಸಿ ಊದಾದು. ಹಲ್ಲು ಎಷ್ಟು ಮುಂದಕ್ಕಿದ್ರೆ ಅಷ್ಟು ದೂರ ಕೇಳ್ತದೆ. ನೆಟ್ಟಗಿರೋ ಹಲ್ಲಿಗೆ ಇದು ಬರಾಕಿಲ್ಲ.”

ಸಾವುಕಾರರು ಅವನ ಗದ್ದ ಹಿಡಿದು ತುಟಿ ಎತ್ತಿ ನೋಡಿದರು. ದೇವರು ಕೊಟ್ಟಂತೆಯೇ ಇತ್ತು, ಗುಡಿಯ ಮುಂದಿನ ಚಾವಣಿಯ ಹಾಗೆ.

“ಕೈ ಹಾಕ್ಸದ ಹಲ್ಲು!” ಎಂದು ತಲೆದೂಗಿದರು. “ಎಂಜಲಿನ ರಗಳೆ ಇಲ್ಲ, ಕಳ್ದೋಯ್ತದೆ ಅನ್ನೋ ಭಯ ಇಲ್ಲ. ನಾಳೆಯಿಂದ ಯಾಕೆ, ಈಗಿನಿಂದ್ಲೇ ನೀನು ಕಂಡಕ್ಟ್ರು ಕಣ್ಲಾ.” ಆಮೇಲೆ ಪುಟ್ಟಮಾದಪ್ಪನ ಕಡೆ ತಿರುಗಿ ಕೈಮುಗಿದು, “ನೀನು ದೊಡ್ಡೋನು ಕನಪ್ಪ. ದಿನಾ ಬಸ್ ಹೊರಡೋ ಮುಂಚೆ ನೀನೇ ಒಲೆಗೆ ಬೆಂಕಿ ಹಾಕು. ನಿನ್ನಂಥೋನ ಕೈಯಿಂದ ಹತ್ತಿದ್ರೆ ಗಾಡಿಗೆ ಶುಭ,” ಎಂದರು.

ಒಲೆಗೆ ಬೆಂಕಿ ಹಾಕುವುದು ಮೊದಲೂ ಅವನದೇ ಕೆಲಸವಾಗಿತ್ತು.

ಬಸ್ಸು ಹೊರಟಿತು. ಒಳಗೆ ಪುಟ್ಟಸಿದ್ದಯ್ಯ ಚರ್ಮದ ಚೀಲ ಹೆಗಲಿಗೇರಿಸಿ, ಹಲ್ಲು ಕಿರಿದು ನಿಂತಿದ್ದ. ಹಿಂದೆ ಏಣಿಯ ಮೇಲೆ ಪುಟ್ಟಮಾದಪ್ಪ ಜೇಬಿಗೆ ಕೈ ಹಾಕಿದ. ಬೆಳಗಿನ ಕಮರಕಟ್ಟು ಹಾಗೇ ಇತ್ತು, ಒಂದು ಗೀಟೂ ಬಿದ್ದಿರಲಿಲ್ಲ. ಅದನ್ನು ಬೇಲಿಯಾಚೆ ಎಸೆದ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಇದ್ದಿಲಿನ ಎರಡು ಬೆರಳನ್ನು ಬಾಯಿಗಿಟ್ಟು, ನಾಲಿಗೆ ಮಡಚಿ, ತನ್ನ ಹೊಸ ಹಲ್ಲಿನ ಕೆಳಗೆ ಸಿಕ್ಕಿಸಿ, ಕಣ್ಣು ಮುಚ್ಚಿ ಊದಿದ.

‘ಪುಸ್’ ಎಂದಿತು.

ಅಷ್ಟರಲ್ಲಿ ಏರು ಬಂತು, ಬಸ್ಸು ತಿಣುಕಿ ನಿಂತಿತು. ಕಿಟಕಿಯಿಂದ ಪುಟ್ಟಸಿದ್ದಯ್ಯ ತಲೆ ಹೊರಗೆ ಹಾಕಿ ಸೀಟಿ ಹಾಕಿದ. ರಸ್ತೆಯ ಮೇಲಿದ್ದ ಗಾಡಿಯ ಎತ್ತುಗಳೆಲ್ಲ ಗಕ್ಕನೆ ನಿಂತವು. ಪುಟ್ಟಮಾದಪ್ಪ ಇಳಿದು ತಳ್ಳತೊಡಗಿದ.